ಫಲಕಕ್ಕೆ ನನ್ನ ತಕರಾರಿಲ್ಲ

ಅಮೆರಿಕದ ಸಂಸತ್ತನ್ನು ಗೇಲಿ ಮಾಡುವವರ ಕೈಗೆ ಸದಾ ಸಿಗುವ ಒಂದು ಲೆಕ್ಕವಿದೆ. ಈಚಿನ ಅವಧಿಗಳಲ್ಲಿ ಅಲ್ಲಿ ಅಂಗೀಕಾರವಾದ ಕಾನೂನುಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದು, ಯಾವುದೋ ಊರಿನ ಅಂಚೆ ಕಚೇರಿಗೆ ಯಾರದೋ ಹೆಸರಿಡುವುದಕ್ಕಾಗಿಯೇ ಆಗಿದೆ. ಆರೋಗ್ಯ ವಿಮೆ, ವಲಸೆ, ಬಂದೂಕು ಯಾವುದೂ ಬಗೆಹರಿಯುವುದಿಲ್ಲ, ನಾಮಕರಣ ಮಾತ್ರ ಸಾಂಗವಾಗಿ ನಡೆಯುತ್ತದೆ ಎಂಬುದು ಕುಹಕ. ನನಗೆ ಈ ಕುಹಕ ರುಚಿಸುವುದಿಲ್ಲ.

ಮೊದಲಿಗೆ, ಅಲ್ಲಿ ನಿಜಕ್ಕೂ ಏನಾಗುತ್ತದೆ ನೋಡಿ. ಕಚೇರಿಯ ಅಧಿಕೃತ ಹೆಸರು ಬದಲಾಗುವುದೇ ಇಲ್ಲ. ವಿಳಾಸ ಅದೇ, ಪಿನ್‌ಕೋಡ್‌ನಂಥ ಅವರ ಜಿಪ್ ಕೋಡ್ ಅದೇ. ಗೋಡೆಗೆ ಒಂದು ಫಲಕ ಬರುತ್ತದೆ, ಅಷ್ಟೇ. ಆದರೆ ಆ ಪುಟ್ಟ ಫಲಕಕ್ಕೆ ಎರಡು ಸದನಗಳ ಒಪ್ಪಿಗೆಯೂ ಅಧ್ಯಕ್ಷರ ಸಹಿಯೂ ಬೇಕು. ಅದಕ್ಕೂ ಮೊದಲು, ಆ ರಾಜ್ಯದಿಂದ ಪ್ರತಿನಿಧಿ ಸಭೆಗೆ ಆರಿಸಿಬಂದ ಎಲ್ಲ ಸದಸ್ಯರೂ, ಪಕ್ಷ ಯಾವುದೇ ಇರಲಿ, ಮಸೂದೆಯನ್ನು ಅನುಮೋದಿಸಬೇಕೆಂಬುದು ಸಮಿತಿಯ ರೂಢಿ. ಟಿವಿಯಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯುವವರು ಒಂದೇ ಕಾಗದಕ್ಕೆ ಹೆಸರು ಕೊಡಬೇಕು!

ಸಂದೀಪ್ ಸಿಂಗ್ ಧಾಲಿವಾಲ್ ಅವರ ವಿಷಯದಲ್ಲಿ ಹಾಗೆಯೇ ಆಯಿತು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಪೊಲೀಸ್ ಪಡೆಯಲ್ಲಿ ಪೇಟ, ಗಡ್ಡಗಳೊಂದಿಗೆ ಕರ್ತವ್ಯ ಮಾಡಲು ಅನುಮತಿ ಪಡೆದ ಮೊದಲ ಸಿಖ್ ಅವರು. 2019ರ ಸೆಪ್ಟೆಂಬರ್‌ನಲ್ಲಿ ವಾಹನವೊಂದನ್ನು ತಪಾಸಣೆಗೆ ನಿಲ್ಲಿಸಿದಾಗ ಗುಂಡಿಗೆ ಬಲಿಯಾದರು. ಮರುವರ್ಷದ ಡಿಸೆಂಬರ್‌ನಲ್ಲಿ, ಚುನಾವಣೆಯ ಜಗಳ ಇನ್ನೂ ಆರದಿದ್ದಾಗ, ಹ್ಯೂಸ್ಟನ್‌ನ ಅಂಚೆ ಕಚೇರಿಯೊಂದಕ್ಕೆ ಅವರ ಹೆಸರಿಡುವ ಮಸೂದೆ ಕಾನೂನಾಯಿತು. ಇದನ್ನು ಕಾಲಹರಣ ಎನ್ನುವವರು ಎನ್ನಲಿ.

ಇಡೀ ವ್ಯವಸ್ಥೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಇನ್ನೊಂದು: ಯಾರ ಹೆಸರನ್ನೂ ಅಳಿಸಬೇಕಿಲ್ಲ. ನಮ್ಮಲ್ಲಿ ಒಬ್ಬರನ್ನು ಗೌರವಿಸಬೇಕಾದರೆ ಇನ್ನೊಬ್ಬರನ್ನು ಕೆಳಗಿಳಿಸಲೇಬೇಕೆಂಬ ಹಟವೊಂದಿದೆ. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಒಡೆಯರ ಹೆಸರಿಗೆ ಬೇರೊಂದು ರೈಲು ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ಉದ್ದೇಶ ಬರೀ ಗೌರವವಾಗಿದ್ದರೆ ತಾನೇ.

ಅಮೆರಿಕದವರೂ ಸಣ್ಣತನದಲ್ಲಿ ಹಿಂದೆ ಬಿದ್ದಿಲ್ಲ ಬಿಡಿ. 2005ರಲ್ಲಿ ಬರ್ಕ್ಲಿ ನಗರದ ಮೋಡೆಲ್ ಶೈರೆಕ್ ಎಂಬ ತೊಂಬತ್ತು ದಾಟಿದ ಕಪ್ಪು ಜನಾಂಗದ ಹೋರಾಟಗಾರ್ತಿಯ ಹೆಸರು ಬಂದಾಗ, ಎಡಪಂಥೀಯರ ನಂಟಿದೆ ಎಂದು ಒಬ್ಬ ಸದಸ್ಯರು ಗುಲ್ಲೆಬ್ಬಿಸಿ, 190ಕ್ಕೆ 215 ಮತಗಳಿಂದ ಸೋಲಿಸಲಾಯಿತು. 2016ರಲ್ಲಿ, ಕಪ್ಪು ಜನಾಂಗದವರೇ ಆದ ಕವಯಿತ್ರಿ ಮಾಯಾ ಏಂಜೆಲೊ ಹೆಸರಿಗೂ ಒಂಬತ್ತು ಮಂದಿ ವಿರೋಧವಾಗಿ ಮತ ಹಾಕಿದರು. ಅದು ಗೆದ್ದಿತು, ಸರಿ. ಆದರೆ ಸಾಮಾನ್ಯವಾಗಿ ಧ್ವನಿಮತದಲ್ಲಿ ಮುಗಿಯುವ ಕೆಲಸಕ್ಕೆ ಬೆರಳೆತ್ತಲು ಇಂಥವರೇ ಕಾಣಿಸಿದ್ದು ಆಕಸ್ಮಿಕವೇನಲ್ಲ.

ನನ್ನ ಸಿಟ್ಟೆಲ್ಲ ಇರುವುದು ಬೇರೆಡೆ. ಊರೂರಿನ ಅಂಚೆ ಕಚೇರಿಗೆ ಫಲಕ ಹಾಕುವ ಇದೇ ಸಂಸತ್ತು 2006ರಲ್ಲಿ ಒಂದು ಕಾನೂನು ಮಾಡಿತು. ನೌಕರರ ನಿವೃತ್ತಿಯ ನಂತರದ ಆರೋಗ್ಯ ವೆಚ್ಚಕ್ಕೆ ಅಂಚೆ ಇಲಾಖೆ ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಮುಂಗಡವಾಗಿ ಎತ್ತಿಡಬೇಕು ಎಂದು. ಬೇರಾವ ಸರ್ಕಾರಿ ಇಲಾಖೆಯ ಹೆಗಲಿಗೂ ಇಂಥ ಹೊರೆ ಇರಲಿಲ್ಲ. ಇ-ಮೇಲ್ ಬಂದು ಪತ್ರಗಳು ಇಳಿಮುಖವಾಗಿದ್ದ ಕಾಲ ಬೇರೆ. ಇಲಾಖೆ ನಷ್ಟಕ್ಕೆ ಕುಸಿಯಿತು. 2011ರಲ್ಲಿ ಸಾವಿರಾರು ಕಚೇರಿಗಳನ್ನು ಮುಚ್ಚುವ ಮಾತು ಬಂತು, ಜನ ಪ್ರತಿಭಟಿಸಿದ ಮೇಲೆ ಅದರ ಬದಲು ಸುಮಾರು 13,000 ಗ್ರಾಮೀಣ ಕಚೇರಿಗಳ ಸಮಯ ಇಳಿಸುವ ಯೋಜನೆ ಬಂತು. ಮುಂಗಡದ ಆ ಷರತ್ತು ರದ್ದಾಗಲು 2022ರವರೆಗೆ ಕಾಯಬೇಕಾಯಿತು.

ಗೇಲಿ ಮಾಡುವವರು ಇದನ್ನು ಹಿಡಿದು ಕೇಳಬೇಕಿತ್ತು. ಫಲಕಕ್ಕೆ ಖರ್ಚಾದ ನಾಲ್ಕು ನಿಮಿಷವನ್ನಲ್ಲ. ಕೇಳಿದರೂ ಪ್ರಯೋಜನವಿಲ್ಲ: 2006ರ ಆ ಮಸೂದೆ ಪ್ರತಿನಿಧಿ ಸಭೆಯಲ್ಲಿ ಧ್ವನಿಮತದಿಂದ, ಸೆನೆಟ್‌ನಲ್ಲಿ ಸರ್ವಸಮ್ಮತಿಯಿಂದ ಪಾಸಾಯಿತು. ಯಾರು ಹೌದೆಂದರು ಎಂಬುದಕ್ಕೆ ಕಡತದಲ್ಲಿ ಒಬ್ಬರ ಹೆಸರೂ ಇಲ್ಲ.