ಪಾರ್ಕಿಗೆ ಕೀಲಿ, ಬಲ್ಬಿಗೆ ಜಾಗರಣೆ

ವಿಜಯಪುರದಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಒಂದು ಬೋರ್ಡು ನೇತಾಡುತ್ತದೆ. ಬೆಳಿಗ್ಗೆ 5ರಿಂದ 8, ಸಂಜೆ 4ರಿಂದ 6. ಈ ಹೊತ್ತು ಗೊತ್ತು ಮಾಡಿದವರು ಮೇ ತಿಂಗಳ ಸಂಜೆ 4ಕ್ಕೆ ಒಳಗಿನ ಓಪನ್ ಜಿಮ್ಮಿನ ಸರಳು ಒಮ್ಮೆ ಹಿಡಿದು ನೋಡಬೇಕಿತ್ತು. 40 ಡಿಗ್ರಿ ಬಿಸಿಲು ಕುಡಿದ ಕಬ್ಬಿಣ ಅದು. ಅದರ ಮೇಲೆ ರೊಟ್ಟಿ ಬೇಯಿಸಬಹುದು, ತೋಳು ಬೆಳೆಸಲು ಆಗದು.

ನಾನು ಅಂಗಡಿ ಮುಚ್ಚುವುದೇ ರಾತ್ರಿ 8ಕ್ಕೆ. ಗೇಟು ಇನ್ನಷ್ಟು ಹೊತ್ತು ತೆಗೆದಿಡಿ ಅಂತ ಅರ್ಜಿ ಹಿಡಿದು ಹೋದೆ. ಸಾಹೇಬರು ಕನ್ನಡಕ ಏರಿಸಿದರು. "ರಾತ್ರಿ ವ್ಯಾಯಾಮ ಮಾಡಿದ್ರ ನಿದ್ದಿ ಕೆಡ್ತದ್ರೀ. ನಿಮ್ಮ ಒಳ್ಳೇದಕ್ಕ ಕೀಲಿ ಹಾಕೀವಿ."

ಪೂರ್ತಿ ಸುಳ್ಳು ಅನ್ನುವಂತಿಲ್ಲ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಬಿಸಿ ಇಳಿಯಬೇಕು, ಎದೆಬಡಿತ ನಿಧಾನವಾಗಬೇಕು. ಮಲಗುವ ಮುಂಚಿನ ಒಂದು ತಾಸಿನಲ್ಲಿ ಏದುಸಿರು ಬರುವಂತೆ ಓಡಿದರೆ ಎರಡೂ ಮಾತು ಕೇಳುವುದಿಲ್ಲ. ಆದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಸಂಜೆಯ ವ್ಯಾಯಾಮದಿಂದ ನಿದ್ದೆ ಕೆಡುವುದಿಲ್ಲ, ಗಾಢ ನಿದ್ದೆ ತುಸು ಜಾಸ್ತಿಯೇ ಆಗುತ್ತದೆ ಅಂತ ಅವರಿಗೆ ಕಂಡಿದೆ. ಎಂಟೂವರೆಗೆ ನಾಲ್ಕು ಸುತ್ತು ನಡೆದು ಹನ್ನೊಂದಕ್ಕೆ ಮಲಗುವವನಿಗೆ ಏನು ಧಾಡಿ?

ಇದನ್ನೂ ಹೇಳಿದೆ. "ಅದು ಅವರ ಊರಿನ ನಿದ್ದಿ. ನಮ್ಮದು ಬ್ಯಾರೆ" ಅಂದರು.

ಬೇರೆ ಹೌದು. ಕೀಲಿ ಬಿದ್ದ ಪಾರ್ಕಿನಲ್ಲಿ ಹನ್ನೆರಡು ಬಿಳಿ ಎಲ್‌ಇಡಿ ದೀಪ ಬೆಳಗಿನ ತನಕ ಉರಿಯುತ್ತವೆ. ಒಳಗೆ ನರಪಿಳ್ಳೆ ಇಲ್ಲ. ಖಾಲಿ ಜೋಕಾಲಿಗೂ ಜಾರುಬಂಡಿಗೂ ಹೊನಲು ಬೆಳಕಿನ ಪಂದ್ಯ! ಅದರಲ್ಲೊಂದು ನೇರ ನನ್ನ ಹಾಸಿಗೆಯನ್ನೇ ನೋಡುತ್ತದೆ. ಕತ್ತಲಾದರೆ ಮಿದುಳು ನಿದ್ದೆಗೆ ಕರೆಯುವ ಮೆಲಟೋನಿನ್ ಅನ್ನೋ ಹಾರ್ಮೋನು ಬಿಡುತ್ತದೆ, ಕಣ್ಣಿಗೆ ಬೆಳಕು ಬಿದ್ದರೆ ಹಿಂಜರಿಯುತ್ತದೆ. ಮೈಯೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣ ಸಾಕಿ ಪತ್ತೆ ಮಾಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಪುಣ್ಯ, ಅವರು ನಮ್ಮ ಪಾರ್ಕಿನ ನೊಣ ಒಯ್ದಿರಲಿಲ್ಲ.

ಇನ್ನು ಬೆಳಿಗ್ಗೆ 5ಕ್ಕೆ ನಗೆಕೂಟ. ಏಳೇ ಜನ, ಒಂದು ಮೈಕು. ಒಂದು ಕೂಗು ಏಳು ಸಲ ಕೇಳಿಸುವುದಕ್ಕೆ ಆದಿಲ್‌ಶಾಹಿಗಳಿಗೆ ಗೋಲಗುಮ್ಮಟದಷ್ಟು ದೊಡ್ಡ ಗುಮ್ಮಟ ಬೇಕಾಯಿತು ನೋಡಿ, ಸುಮ್ನೆ ಖರ್ಚು. ಕಡೆಗೆ ಒಬ್ಬರು ಮೈಕಿನಲ್ಲಿ "ಎಂಟು ತಾಸು ನಿದ್ದಿ ಮಾಡ್ರೀ" ಅಂತ ಬಡಾವಣೆಗೆಲ್ಲ ಬುದ್ಧಿ ಹೇಳುತ್ತಾರೆ. ಅಷ್ಟೊತ್ತಿಗೆ ಎಲ್ಲರೂ ಎದ್ದಿರುತ್ತಾರಲ್ವಾ, ಕೇಳಿಸುತ್ತದೆ.

ಕಳೆದ ವಾರ ತಡೆಯಲಾಗಲಿಲ್ಲ. ರಾತ್ರಿ 10ಕ್ಕೆ ಗೇಟು ಹತ್ತಿ ಇಳಿದೆ. ಎರಡು ಸುತ್ತು ಮೆಲ್ಲಗೆ ನಡೆದೆ. ಮೂರನೆಯದಕ್ಕೆ ಮೂರು ನಾಯಿ ಜೊತೆಯಾದವು. ಹೋಗುವಾಗ ಗೇಟು ಹತ್ತಿದ್ದೆ, ಬರುವಾಗ ಹಾರಿದೆ. ಪ್ಯಾಂಟು ಗೇಟಿನ ಮೊನೆಗೆ ಪಾಲು ಕೊಟ್ಟಿತು. ಏದುಸಿರು ನಿಲ್ಲಲು ಮುಕ್ಕಾಲು ತಾಸು, ಕಣ್ಣು ಮುಚ್ಚುವಾಗ ಎರಡು ಗಂಟೆ.

ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಸಾಹೇಬರು ಸಿಕ್ಕರು. ನನ್ನ ಕೆಂಪು ಕಣ್ಣು ನೋಡಿದರು.

"ನಾ ಹೇಳಿರಲಿಲ್ಲೇನ್ರೀ?"