ಮರಿ ತರೋಕ್ಕಿಂತ ಮೊದ್ಲ ಅದರ ಎದಿಗೆ ಸ್ಟೆತಸ್ಕೋಪ್ ಹಚ್ಚಸ್ರಿ

ನಮ್ಮ ಚಿನ್ನಿ ತೀರಿಹೋಗಿ ಇವತ್ತಿಗಿ ಇಪ್ಪತ್ತು ದಿನ. ಆರು ತಿಂಗಳ ಪೊಮೆರೇನಿಯನ್ ನಾಯಿ ಮರಿ. ಇಷ್ಟು ದಿನ ಸುಮ್ಮನಿದ್ದೆ, ಆದ್ರ ಮರಿ ಕೊಟ್ಟವರು ನಿನ್ನೆ ಸ್ಟೇಟಸ್‌ದಾಗ ಅದೇ ತಾಯಿದು ಮತ್ತ ಮರಿ ಮಾರಾಟಕ್ಕ ಅವ ಅಂತ ಫೋಟೋ ಹಾಕಿದ್ದು ನೋಡಿ ತಡಕೊಳ್ಳಾಕ ಆಗಲಿಲ್ಲ.

ತಂದಾಗ ಅದಕ್ಕ 45 ದಿನ. 8 ವಾರ ಆಗದ ಮರಿ ಮಾರಬಾರದು ಅಂತ 2017ರಾಗೇ ಕೇಂದ್ರ ಸರ್ಕಾರದ ನಿಯಮ ಬಂದದ, ನನಗ ಆಮ್ಯಾಲ ಗೊತ್ತಾಯ್ತು. ಛಲೋ ಉಣ್ತಿತ್ತು ಆದ್ರ ಮೈ ಹತ್ತಲಿಲ್ಲ, ಮಾರ್ಚ್ ಬಂದ ಮ್ಯಾಲಂತೂ ಅಂಗಳದಾಗ ಎರಡು ಸುತ್ತು ಓಡಿ ತೇಕ್ಕೋತ ಕುಂದರತಿತ್ತು. ಎಲ್ಲರದೂ ಒಂದೇ ಮಾತು, ಕಲಬುರಗಿ ಬಿಸಿಲ್ರಿ, ಮನಷ್ಯಾರಿಗೇ ತಡ್ಯಂಗಿಲ್ಲ, ಇಷ್ಟು ಕೂದಲಿನ ನಾಯಿ ಏನ್ ಮಾಡ್ತದ. ನಾನೂ ನಂಬಿ ಕೂಲರ್ ಮುಂದ ಮಲಗಿಸ್ದೆ, ಮಜ್ಜಿಗಿ ಕುಡಿಸ್ದೆ. ಬಿಸಿಲಿನ ತೇಕು ಆದ್ರ ತಂಪಿಗಿ ಬಂದ ಮ್ಯಾಲ ಇಳೀಬೇಕಲ್ರಿ, ಇದರದು ಮಲಗಿದಾಗೂ ಇಳೀಲಿಲ್ಲ. ಕಣ್ಣಾರೆ ನೋಡೀನಿ, ತಿಳೀಲಿಲ್ಲ.

ಎರಡು ಸಲ ಲಸಿ ಹಾಕಿಸಿದ್ದೆ, ಎರಡೂ ಸಲ ಸೂಜಿ ಚುಚ್ಚಿ ಕಳಿಸಿದ್ರು, ಎದಿ ಯಾರೂ ಕೇಳಲಿಲ್ಲ. ಮೇದಾಗ ಕೆಮ್ಮು ಹತ್ತಿತ್ತು, ಬೀದರ್‌ಗಿ ಅಕ್ಕನ ಮನಿಗಿ ಹೋದಾಗ ಅಲ್ಲಿ ಒಬ್ಬ ಡಾಕ್ಟರ್‌ಗಿ ತೋರಿಸ್ದೆ. ಅವರು ನನ್ನ ಕೈ ಹಿಡದು ಅದರ ಎಡಗಡಿ ಬಗಲಾಗ ಇಟ್ರು. ಒಳಗ ಹಿಟ್ಟಿನ ಗಿರಣಿ ನಡದಂಗ ಗುರ್ ಅಂತ ಬಿಡುವಿಲ್ಲದ ನಡುಕ. ದಿನಾ ಎತ್ಕೊಂಡು ಅಡ್ಡಾಡಿದ ಮರಿ ಅದು.

ಪಿಡಿಎ ಅಂದ್ರು, ಹುಟ್ಟಿನಿಂದಲೇ ಬರೋ ಹಾರ್ಟಿನ ರೋಗ. ತಾಯಿ ಹೊಟ್ಯಾಗ ಮರಿ ಉಸಿರಾಡಂಗಿಲ್ಲ, ಹಂಗಾಗಿ ರಕ್ತ ಲಂಗ್ಸ್ ಬಿಟ್ಟು ಹೋಗ್ಲಾಕ ಒಂದು ಸಣ್ಣ ನಾಳ ಇರ್ತದ, ಹುಟ್ಟಿದ ಕೆಲವೇ ದಿನದಾಗ ಅದು ತಾನೇ ಮುಚ್ಚಬೇಕು. ಮುಚ್ಚಲಿಲ್ಲಂದ್ರ ಮೈಗಿ ಹೋಗೋ ರಕ್ತ ತಿರುಗಿ ಲಂಗ್ಸಿಗೇ ಹರದು, ಎಡಗಡಿ ಹಾರ್ಟ್ ಹಿಗ್ಗಿ ಸೋತು, ಲಂಗ್ಸದಾಗ ನೀರು ತುಂಬ್ತದ. ಜಲ್ದಿ ಗೊತ್ತಾದ್ರ ಎದಿ ಕೊಯ್ದು ನಾಳ ಕಟ್ತಾರ, ಇಲ್ಲಾ ತೊಡಿ ರಕ್ತನಾಳದಿಂದ ತಂತಿ ಹಾಕಿ ಒಳಗ ಬಿರಡಿ ಕೂಡಿಸ್ತಾರ, ಅಂಥಾ ನಾಯಿ ಬ್ಯಾರೆ ನಾಯಿಯಂಗೇ ಬದುಕ್ತಾವ. ನಾವು ಹೈದರಾಬಾದ್‌ಗಿ ಹೋಗಿ ಎಕೋ, ಅಂದ್ರ ಹಾರ್ಟಿನ ಸ್ಕ್ಯಾನ್, ಮಾಡ್ಸೋದ್ರಾಗ ನೀರು ತುಂಬಿತ್ತು. ಆಪರೇಷನ್ ತಾರೀಖಿಗಿ ನಾಲ್ಕು ದಿನ ಇತ್ತು.

ಎದಿ ಬಡಿತದ ಜೋಡಿ ಕೇಳೋ ಬ್ಯಾರೆ ಸಪ್ಪಳ ಎಲ್ಲಾ ರೋಗ ಅಲ್ಲ, ಎಷ್ಟೋ ಮರಿಗಿ ಸಣ್ಣ ಸಪ್ಪಳ ಇದ್ದು ನಾಲ್ಕೈದು ತಿಂಗಳಿಗಿ ಹೋಗ್ತದ. ಆದ್ರ ಕೇಳಿದ್ರ ತಾನೇ ಗೊತ್ತಾಗೋದು?

ಮರಿ ಕೊಟ್ಟವರಿಗಿ ಫೋನ್ ಮಾಡ್ದೆ. ನಿಮ್ಮ ನಸೀಬ್ರಿ ಅಂದ್ರು. ನಸೀಬ್ ಅಲ್ರೀ ಇದು! ಪೊಮೆರೇನಿಯನ್, ಪೂಡಲ್, ಜರ್ಮನ್ ಶೆಫರ್ಡ್‌ನಾಗ ಇದು ವಂಶದಾಗೇ ಬರ್ತದ, ಅದ್ರಾಗೂ ಹೆಣ್ಣು ಮರಿಗಿ ಜಾಸ್ತಿ. ಇಂಥಾ ಮರಿ ಹುಟ್ಟಿದ ಮ್ಯಾಲ ಆ ಜೋಡಿ ಮತ್ತ ಕೂಡಸಬಾರದು, ಆಪರೇಷನ್ ಆಗಿ ಉಳದ ಮರಿನೂ ಬ್ರೀಡಿಂಗಿಗಿ ಬಿಡಬಾರದು. ರೊಕ್ಕದ ಆಸೆಕ್ಕ ಇದನ್ನ ಮುಚ್ಚಿಡೋದು ನನ್ನ ಪ್ರಕಾರ ಪಾಪ.

ಚಿನ್ನಿ ಜೋಡಿ ಇನ್ನೂ ಮೂರು ಮರಿ ಹುಟ್ಟಿದ್ವು, ಇದೇ ಊರಾಗ ಯಾರದೋ ಮನ್ಯಾಗ ಅವ. ಬಿಳೀ ಪೊಮೆರೇನಿಯನ್, ಈಗ ಆರೇಳು ತಿಂಗಳದು. ನಿಮ್ಮ ಮನ್ಯಾಗ ಇದ್ರ ಈಗಲೇ ಅದರ ಎಡಗಡಿ ಮುಂಗಾಲಿನ ಬಗಲಾಗ ಕೈ ಇಟ್ಟು ನೋಡ್ರಿ, ಗುರ್ ಅಂದ್ರ ನನಗ ಮೆಸೇಜ್ ಹಾಕ್ರಿ, ಡಾಕ್ಟರ್ ಕಡಿ ನಾನೇ ಕರಕೊಂಡು ಹೋಗ್ತೀನಿ.