ಮೂರು ಸಲ ಮುಳುಗಿದ ಊರು

ಅಟ್ಲಾಂಟಿಸ್ ಅನ್ನೋ ಊರು ಇತ್ತೋ ಇಲ್ಲವೋ ಅಂತಲೇ ಲೋಕಕ್ಕೆ ಅನುಮಾನ. ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯಲ್ಲಿ ಮಾತ್ರ ಅದು ಮೂರು ಸಲ ಹಾಳಾಗಿದೆ. 1967ರ ಕಥೆಯಲ್ಲಿ ಸಮುದ್ರದ ತಳದಲ್ಲಿ ಹೇಗೋ ಬದುಕಿಕೊಂಡಿದ್ದ ಊರಿಗೆ ನೀರು ನುಗ್ಗುತ್ತದೆ. 1971ರಲ್ಲಿ ಕೊಂಬಿನ ದೈತ್ಯನೊಬ್ಬ ಬಂದು, ಅದನ್ನು ಮುಗಿಸಿದ್ದು ನಮ್ಮವರೇ ಅನ್ನುತ್ತಾನೆ. ಮರುವರ್ಷ ಕಾಲವನ್ನೇ ತಿಂದು ಬದುಕುವ ಇನ್ನೊಂದು ಜೀವಿ ಬಂದು ಅದೇ ಊರನ್ನು ನೆಲಸಮ ಮಾಡುತ್ತದೆ. ತಮಾಷೆ ಏನಂದರೆ, ಕೊನೆಯ ಎರಡು ಕಥೆ ಬರೆದ ಕೈಗಳು ಒಂದೇ.

ಇದೆಲ್ಲ ನನ್ನ ತಲೆಗೆ ತುಂಬಿದವನು ಅಕ್ಕನ ಮಗ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಶನಿವಾರ ಬಂತೆಂದರೆ ಬಸ್ಸು ಹತ್ತಿ ದುರ್ಗಕ್ಕೆ, ನಮ್ಮ ಮನೆಗೆ. ಧಾರಾವಾಹಿ ಶುರುವಾಗಿದ್ದು 1963ರ ನವೆಂಬರ್ 23ರಂದು. ನೀಲಿ ಪೊಲೀಸ್ ಡಬ್ಬಿಯಲ್ಲಿ ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರನ ಕಥೆ. ಅರವತ್ತು ವರ್ಷದಿಂದ ಯಾರ್ಯಾರೋ ಬರೆದದ್ದನ್ನೆಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತ ಒಂದೇ ಸಾಲಿಗೆ ತರಬೇಕು ಅನ್ನೋದು ಹುಡುಗನ ಹಠ. ಅದಕ್ಕೆ ಉದ್ದನೆಯ ಕಾಗದ ಬೇಕಾಯಿತು. ಕಣ್ಣಿಗೆ ಬಿದ್ದಿದ್ದು ಅಡುಗೆಮನೆಯ ಕ್ಯಾಲೆಂಡರ್.

ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಇರುವುದು ತಾರೀಖು ನೋಡೋಕಲ್ಲ. ಹಾಲು ಎಷ್ಟು ಲೀಟರ್, ಗ್ಯಾಸ್ ಯಾವತ್ತು ಬಂತು, ಪೇಪರ್ ಹುಡುಗ ಯಾವತ್ತು ಚಕ್ಕರ್ ಹೊಡೆದ, ಎಲ್ಲ ನನ್ನ ಹೆಂಡತಿ ಅದರ ಮೇಲೇ ಬರೆಯುವುದು. ಬಟ್ಟೆ ಅಂಗಡಿಯವರು ಕೊಟ್ಟಿದ್ದು, ಹಿಂಬದಿ ಪೂರ್ತಿ ಖಾಲಿ. ಮುಗಿದ ತಿಂಗಳ ಹಾಳೆ ವೇಸ್ಟ್ ಅಲ್ವಾ ಅಂದುಕೊಂಡ ಈ ಮಹಾಶಯ ಅಷ್ಟನ್ನೂ ಹರಿದು, ಮೈದಾ ಅಂಟು ಕುದಿಸಿ, ಪಡಸಾಲೆಯ ಗೋಡೆಗೆ ಮೆತ್ತಿಬಿಟ್ಟ. ಖಾಲಿ ಬದಿ ನಮ್ಮ ಕಡೆಗೆ. ಹಾಲಿನ ಲೆಕ್ಕ ಗೋಡೆಯ ಕಡೆಗೆ.

ಒಂದು ಇಂಚಿಗೆ ಸಾವಿರ ವರ್ಷ ಅಂತ ಸ್ಕೇಲು. ಮೊಳಕಾಲ್ಮೂರು ಹತ್ತಿರದ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, ಅದು ಎರಡೂಕಾಲು ಇಂಚಿಗೇ ಸಿಕ್ಕಿತು. ಅಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಸೈಲ್ಯೂರಿಯನ್ನರು ಬಂದರು.

ಇವರು 1970ರ ಕಥೆಯವರು. ಮನುಷ್ಯರಿಗಿಂತ ಮೊದಲೇ ಭೂಮಿಯನ್ನು ಆಳಿ, ನೆಲದಡಿ ಮಲಗಿಬಿಟ್ಟ ಹಲ್ಲಿ ಜಾತಿಯ ಬುದ್ಧಿವಂತರು. ಹೆಸರಿಗೆ ತಕ್ಕ ಹಾಗೆ ಸೈಲ್ಯೂರಿಯನ್ ಯುಗಕ್ಕೇ ಹಾಕೋಣ ಅಂದರೆ ಅದು ಸುಮಾರು 43 ಕೋಟಿ ವರ್ಷದ ಹಿಂದಿನದು. ಆಗ ಹಲ್ಲಿಯ ಮುತ್ತಜ್ಜನೂ ನೀರು ಬಿಟ್ಟು ಮೇಲೆ ಬಂದಿರಲಿಲ್ಲ. ನಮ್ಮ ಸ್ಕೇಲಿನಲ್ಲಿ 11 ಕಿಲೋಮೀಟರ್ ಕಾಗದ. ದುರ್ಗದ ಏಳು ಸುತ್ತಿನ ಕೋಟೆಯನ್ನು ಬಿಡಿಸಿ ಹಾಸಿದರೆ ಏನಾದರೂ ಗೋಡೆ ಸಾಕಾಗಬಹುದು. ಪುಣ್ಯಕ್ಕೆ 1972ರಲ್ಲಿ ಡಾಕ್ಟರೇ ತಿದ್ದಿದ, ಅವರನ್ನು ಇಯೋಸೀನ್ ಅನ್ನಬೇಕಿತ್ತು ಅಂತ. ಅದು 5.6 ಕೋಟಿಯಿಂದ 3.4 ಕೋಟಿ ವರ್ಷದ ಹಿಂದಿನ ಕಾಲ. ಒಂದೇ ಮಾತಿಗೆ ಮೂವತ್ತೆಂಟು ಕೋಟಿ ವರ್ಷ ಡಿಸ್ಕೌಂಟ್. ಹನ್ನೊಂದು ಕಿಲೋಮೀಟರ್ ಕಾಗದ ಒಂದೂಕಾಲಿಗೆ ಇಳಿಯಿತು.

ಆದರೆ 1979ರ ಇನ್ನೊಂದು ಕಥೆಯಲ್ಲಿ 40 ಕೋಟಿ ವರ್ಷದ ಹಿಂದೆ ಅನ್ಯಗ್ರಹದವರ ಹಡಗು ಸಿಡಿದು, ಅದರಿಂದಲೇ ಭೂಮಿಯಲ್ಲಿ ಜೀವ ಹುಟ್ಟುತ್ತದೆ. ಮೊದಲಿನ ಲೆಕ್ಕ ಹಿಡಿದರೆ, ಜೀವ ಹುಟ್ಟುವ ಮೂರು ಕೋಟಿ ವರ್ಷ ಮೊದಲೇ ಹಲ್ಲಿಗಳು ರಾಜ್ಯಭಾರ ಮಾಡುತ್ತಿದ್ದವು. ಹುಡುಗ ತಲೆ ಮೇಲೆ ಕೈ ಹೊತ್ತು ಕೂತ.

ನಾನು ಸುಮ್ನೆ ಇರಬಹುದಿತ್ತು. "ಇಲ್ಲೇ ನಮ್ಮ ಮಾರಿಕಣಿವೆ ಸೀಮೆಯ ಕಲ್ಲಿನಲ್ಲಿ ಪಾಚಿಯಂಥ ಜೀವಿಗಳ ಗುರುತಿದೆ ಕಣೋ. 250 ಕೋಟಿ ವರ್ಷಕ್ಕೂ ಹಿಂದಿನದು. ಆ ಕಲ್ಲಿನ ಪದರಕ್ಕೆ ಮಾರಿಕಣಿವೆ ಡ್ಯಾಮಿನ ಇನ್ನೊಂದು ಹೆಸರು, ವಾಣಿವಿಲಾಸ ಅಂತಲೇ ಇಟ್ಟಿದ್ದಾರೆ" ಅಂದೆ. ಅವನು ಮೊಬೈಲಲ್ಲಿ ಗುಣಾಕಾರ ಮಾಡಿದ. ಅದನ್ನು ಚಾರ್ಟಿಗೆ ಸೇರಿಸಬೇಕಾದರೆ ಕಾಗದ ಅರವತ್ತು ಕಿಲೋಮೀಟರ್ ದಾಟುತ್ತದೆ. ಅಂದರೆ ಹೆಚ್ಚುಕಡಿಮೆ ಅವನ ಹಾಸ್ಟೆಲ್ ಬಾಗಿಲಿಗೆ.

"ನಿಜವಾದ ಇತಿಹಾಸದವರು ಹೀಗೆ ಎಡವಟ್ಟು ಮಾಡಲ್ಲ ಮಾಮ" ಅಂದ, ಬೇಜಾರಲ್ಲಿ. ಪಾಪ. 1947ರಲ್ಲಿ ಪುರಾತತ್ವದ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ದುರ್ಗದ ಚಂದ್ರವಳ್ಳಿ ಎರಡೂ ಕಡೆ ಅಗೆಸಿದರು. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮ್ ಕಡೆಯ ಮಡಕೆಗಳ ಜೊತೆ ಸಿಕ್ಕಿದ್ದ ಒಂದು ಬಗೆಯ ಗೆರೆ ಮಡಕೆಯ ಚೂರು ಇಲ್ಲೂ ಸಿಕ್ಕಿತು. ಹಾಗಾದರೆ ಈ ಪದರ ಕ್ರಿ.ಶ. ಒಂದನೇ ಶತಮಾನದ್ದು, ಇದರ ಕೆಳಗಿನದು ಅದಕ್ಕೂ ಹಿಂದಿನದು, ಅಂತ ಇಳಿಯುತ್ತ ಹೋದರು. ಕಲ್ಲುಕೊಡಲಿ ಜನರನ್ನು ಕ್ರಿಸ್ತನ ಹಿಂದಿನ ಒಂದು ಸಾವಿರ ವರ್ಷದೊಳಗೆ ಕೂರಿಸಿದರು. ಆಮೇಲೆ ಕಾರ್ಬನ್ ಪರೀಕ್ಷೆ ಬಂತು. ಇಂಥದೇ ಕೊಡಲಿ ಹಿಡಿದವರ ಬೇರೆ ನೆಲೆಗಳ ಇದ್ದಿಲು ಸುಟ್ಟು ನೋಡಿದರೆ, ಅವರೆಲ್ಲ ಸಾವಿರ ವರ್ಷಕ್ಕೂ ಜಾಸ್ತಿ ಹಿಂದಕ್ಕೆ ಓಡಿದರು. ಇನ್ನು ಈ ಕಾರ್ಬನ್ನಿನವರ ಲೆಕ್ಕದಲ್ಲಿ 'ಇವತ್ತು' ಅಂದರೆ 1950. ಇವತ್ತಿಗೂ 1950ನೇ. ವೀಲರ್ ಮೇಲೆ ನನಗೇನೂ ಸಿಟ್ಟಿಲ್ಲ. ಮಡಕೆ ಚೂರು ಹಿಡಿದು ಅಷ್ಟು ದೂರ ನಡೆದದ್ದೇ ದೊಡ್ಡದು.

ಅಷ್ಟರಲ್ಲಿ ತಿಂಗಳ ಮೊದಲ ತಾರೀಖು ಬಂತು. ಹಾಲಿನವನೂ ಬಂದ. ಹೆಂಡತಿ ಹಾಳೆ ಕೀಳಲು ಹೋದರೆ, "ಅತ್ತೆ, ಡೈನೋಸಾರ್ ಇದೆ, ನಿಧಾನ" ಅಂತ ಇವನ ಗೋಳು. ಹಾಲಿನವನು "ಪರವಾಗಿಲ್ಲ ಬಿಡಿ ಅಕ್ಕ, ನನ್ನ ಬುಕ್ಕಲ್ಲಿ ಐತೆ" ಅಂದ. ಅವನ ಬುಕ್ಕಿನಲ್ಲಿ ನಾವು ಊರಲ್ಲಿ ಇಲ್ಲದ ದಿನವೂ ಹಾಲು ಕುಡಿದಿದ್ದೆವು. ಅವತ್ತು ರಾತ್ರಿ ಜಿರಳೆಗಳು ಮೈದಾ ಅಂಟಿನ ಆಸೆಗೆ ಬಂದು ರೋಮನ್ನೂ ಪಾಂಪೇಯನ್ನೂ ತಿಂದು ಹೋದವು. ಹಾಳಾದ ಊರುಗಳ ಪಟ್ಟಿಗೆ ಇನ್ನೆರಡು ಸೇರಿದವು.

ಈ ಗಲಾಟೆಯಲ್ಲಿ ಖುಷಿಯಾಗಿದ್ದವರು ನಮ್ಮ ದೊಡ್ಡಪ್ಪ ಒಬ್ಬರೇ. ಅವರು ಹುಟ್ಟಿದ್ದು ಮಾರಿಕಣಿವೆ ಕೋಡಿ ಬಿದ್ದ ವರ್ಷ ಅಂತ ಅಜ್ಜಿ ಹೇಳುತ್ತಿದ್ದಳು. ಅಂದರೆ 1933. ಆಮೇಲೆ 89 ವರ್ಷ ಕೋಡಿ ಬೀಳಲಿಲ್ಲ. ತಾರೀಖು ನೆನಪಿಡೋಕೆ ಇದಕ್ಕಿಂತ ಗಟ್ಟಿ ಗುರುತು ಯಾವುದು? ಆದರೆ ಕೆರೆ 2022ರಲ್ಲಿ ಮತ್ತೆ ತುಂಬಿತು, 2025ರಲ್ಲೂ ತುಂಬಿತು. ಈಗ ಯಾರಾದರೂ ಕೋಡಿ ಬಿದ್ದ ವರ್ಷ ಅಂದರೆ, ಯಾವ ಕೋಡಿ ಅಂತ ಕೇಳಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು 1936ರ ಜೂನ್ 1. ಆ ಕಾಲದಲ್ಲಿ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ. ಹಾಗಾಗಿ ದೊಡ್ಡಪ್ಪನಿಗೆ ಮೂರು ವರ್ಷ ಹೆಚ್ಚಿಗೆ ನೌಕರಿ ಸಿಕ್ಕಿತು.

ಹುಡುಗ ಅವರಿಗೆ ಡಾಕ್ಟರನ ವಯಸ್ಸು ವಿವರಿಸಿದ. 1967ರಲ್ಲಿ 450. 1987ರಲ್ಲಿ 953. 2005ರಲ್ಲಿ ನೋಡಿದರೆ 900. ದೊಡ್ಡಪ್ಪ ಆಶ್ಚರ್ಯವನ್ನೇ ಪಡಲಿಲ್ಲ.

"ಸರ್ವಿಸ್ ಇನ್ನೂ ಇರಬೇಕು ಅವನಿಗೆ" ಅಂದರು.

ಅದೇ ಧಾರಾವಾಹಿಯಲ್ಲಿ ಒಬ್ಬ ಮಿಲಿಟರಿ ಆಫೀಸರ್ ಒಂದು ಲೆಕ್ಕದಲ್ಲಿ 1976ಕ್ಕೆ ರಿಟೈರ್ ಆಗಿರುತ್ತಾನೆ. ಇನ್ನೊಂದು ಲೆಕ್ಕದಲ್ಲಿ 1980ರಲ್ಲೂ ಡ್ಯೂಟಿಯಲ್ಲಿರುತ್ತಾನೆ. ಇದನ್ನು ಕೇಳಿ ದೊಡ್ಡಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪೆನ್ಷನ್ನೂ ಸಂಬಳವೂ ಎರಡೂ ಬರುತ್ತಿತ್ತಾ ಅಂತ ಕೇಳಿದರು. ಅದರ ಬಗ್ಗೆ ಧಾರಾವಾಹಿಯಲ್ಲಿ ಹೇಳಿಲ್ಲ.

"ತಾತ, ನಿಮ್ಮನ್ನೂ ಚಾರ್ಟಿಗೆ ಹಾಕ್ತೀನಿ. ಯಾವ ವರ್ಷ ಹಾಕಲಿ?"

ಕಷ್ಟದ ಪ್ರಶ್ನೆ. ಮನೆಯೆಲ್ಲ ಸುಮ್ಮನಾಯಿತು. ಆಮೇಲೆ ಹುಡುಗನೇ ಸ್ಕೇಲು ಇಟ್ಟು ನೋಡಿ ನಕ್ಕ. ಇಂಚಿಗೆ ಸಾವಿರ ವರ್ಷ ಅಂದಮೇಲೆ ತಾತನ ಇಡೀ ಆಯಸ್ಸು ಇಂಚಿನ ಹತ್ತನೇ ಒಂದು ಭಾಗವೂ ಇಲ್ಲ. 1933ಕ್ಕೂ 1936ಕ್ಕೂ ಇರುವ ಅಂತರ ಪೆನ್ಸಿಲ್ ಗೆರೆಯ ದಪ್ಪದೊಳಗೇ ಮುಚ್ಚಿಹೋಗುತ್ತದೆ.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಎದ್ದು ಬಂದು ಆ ಗೆರೆಯನ್ನು ನೋಡಿದರು. "ಎರಡೂ ಸರಿ ಅಂತಾಯ್ತಲ್ಲ. ಇದರದ್ದೊಂದು ಜೆರಾಕ್ಸ್ ತೆಗೆಸಿ ಕೊಡಪ್ಪ. ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡೋಕೆ ಹೋಗ್ತೀನಲ್ಲ, ಜೊತೆಗೆ ಇರ್ಲಿ."